ದೊರೆಯ ಜಲಪಾತಕ್ಕೆ ಇಟ್ಟ ಬೊಟ್ಟು

ದೊರೆಯ ಬಂಗಲೆಯಲ್ಲಿದ್ದ ಚಿತ್ರಕ್ಕೆ ಕುಂಕುಮ ಇಟ್ಟವನು ನಾನು. ಅದಕ್ಕಾಗಿ ಅಂದೂ ತಲೆ ತಗ್ಗಿಸಲಿಲ್ಲ, ಈ ವಯಸ್ಸಿನಲ್ಲೂ ತಗ್ಗಿಸುವುದಿಲ್ಲ. ನಾನು ಒಪ್ಪಿಕೊಳ್ಳಬೇಕಾದ ತಪ್ಪು ಬೇರೆ.

ಕೊಡಗು ಆಗ ಪ್ರತ್ಯೇಕ ರಾಜ್ಯ. ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ತೋಟ ಮಾರಿ ಹಡಗು ಹತ್ತುತ್ತಿದ್ದರು; ನಮ್ಮವನು ಮಾತ್ರ ಅಲ್ಲಾಡಿರಲಿಲ್ಲ. ಹೈಸ್ಕೂಲು ಮುಗಿಸಿದ್ದ ನಾನು ಅವನ ಎಸ್ಟೇಟಿನಲ್ಲಿ ರೈಟರ್. ಹಾಜರಿ ಹಾಕುವುದು, ಅವನ ಮಾತನ್ನು ಲೈನಿನ, ಅಂದರೆ ಸಾಲುಮನೆಗಳ, ಆಳುಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಅವನ ಊಟದ ಕೋಣೆಯಲ್ಲಿ ಗೋಡೆಯಗಲದ ಜಲಪಾತದ ಚಿತ್ರವೊಂದಿತ್ತು. ಅವನ ಮುತ್ತಜ್ಜನ ಕಾಲದ್ದಂತೆ. ಕಪ್ಪು ಬಂಡೆ, ಸಿಡಿಲು ಬಡಿದ ಮರ, ಮೋಡದೊಳಗಿಂದಲೇ ಬೀಳುವಂಥ ಬಿಳಿ ನೀರು, ಕೆಳಗೆ ಇರುವೆಗಳಷ್ಟು ಚಿಕ್ಕ ಇಬ್ಬರು ಮನುಷ್ಯರು. ಅದರೆದುರು ನಿಂತರೆ ನನಗೂ ಮೈ ಜುಮ್ಮೆನ್ನುತ್ತಿತ್ತು, ಸುಳ್ಳು ಹೇಳುವುದಿಲ್ಲ.

ತುಲಾ ಸಂಕ್ರಮಣ ಬಂತು. ನಮ್ಮ ಮನೆ ಭಾಗಮಂಡಲದ ಹತ್ತಿರ. ಕಾವೇರಿಯ ತೀರ್ಥೋದ್ಭವವನ್ನು ನಾನು ಯಾವ ವರ್ಷವೂ ತಪ್ಪಿಸಿದವನಲ್ಲ. ರಜೆ ಕೇಳಿದೆ. ಏಲಕ್ಕಿ ಕೊಯ್ಲು ಬಿಟ್ಟು ಎಲ್ಲಿಗೆ ಹೋಗ್ತೀ ಎಂದು ದೊರೆ ಕೈಯಲ್ಲಿದ್ದ ಮುಳ್ಳುಚಮಚದಿಂದ ಚಿತ್ರದ ಕಡೆ ತೋರಿಸಿದ.

“ನೀರು ಬೇಕಾ, ರೈಟರ್? ಅಲ್ಲಿದೆ ನೋಡು. ನಿನ್ನ ಕಾವೇರಿಗಿಂತ ದೊಡ್ಡದು. ಅದಕ್ಕೇ ಪೂಜೆ ಮಾಡು.”

ಮಾಡಿದೆ. ಸಂಕ್ರಮಣದ ಬೆಳಿಗ್ಗೆ ಅವನು ತೋಟ ಸುತ್ತಲು ಹೋದಾಗ ಕುರ್ಚಿ ಹತ್ತಿ, ನೀರು ಹುಟ್ಟುವ ಜಾಗದಲ್ಲಿ ಒದ್ದೆ ಕುಂಕುಮದ ಬೊಟ್ಟಿಟ್ಟು ಕೈಮುಗಿದೆ. ಕುರ್ಚಿ ಹತ್ತಿದ್ದು ಅವನನ್ನು ಅಣಕಿಸಲಿಕ್ಕೆ, ಕೈಮುಗಿದದ್ದು ಅಣಕಕ್ಕಲ್ಲ.

ತಿಂಡಿಗೆ ಬಂದ ದೊರೆ ಬೊಟ್ಟು ಕಂಡು ಅಡುಗೆಯವಳನ್ನು ಕರೆಸಿದ. ಬಂಗಲೆಯೊಳಗೆ ದಿನವಿಡೀ ಓಡಾಡುವವಳು ಅವಳೊಬ್ಬಳೇ. ಕುಶಾಲನಗರದ ಕಡೆಯವಳು, ಗಂಡ ತೀರಿಕೊಂಡ ಮೇಲೆ ಕುಂಕುಮ ಮುಟ್ಟದವಳು. ಅದು ಲೈನಿನ ಮಕ್ಕಳಿಗೂ ಗೊತ್ತಿತ್ತು. ದೊರೆಗೆ ಗೊತ್ತಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನು ಹೇಳಲಿಲ್ಲ.

“ನೀನಾ ಇಟ್ಟದ್ದು?” ದೊರೆ ತನ್ನ ಹರಕು ಕನ್ನಡದಲ್ಲಿ ಕೇಳಿದ.

ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು. “ಹೂಂ, ನಾನೇಯ. ಸಂಕ್ರಮಣದ ದಿನ ನೀರವ್ವನ್ನ ಬರಿಹಣೇಲಿ ಬಿಡಕ್ಕಾಯ್ತದಾ ದೊರೆ? ಬರಿಹಣೆ ನಂಗೊಬ್ಬಳಿಗೆ ಸಾಕು.”

ಸಂಜೆಯೊಳಗೆ ಅವಳು ಲೈನು ಖಾಲಿ ಮಾಡಬೇಕೆಂದು ದೊರೆ ನನಗೆ ಇಂಗ್ಲಿಷಿನಲ್ಲಿ ಹೇಳಿದ. ಅದನ್ನು ಕನ್ನಡದಲ್ಲಿ ಅವಳಿಗೆ ಹೇಳಿದವನು ನಾನೇ.

ಆಮೇಲೆ ಹಿತ್ತಲಿಗೆ ಹೋದೆ. “ಅಕ್ಕಾ, ದೊರೆಗೆ ನಿಜ ಹೇಳ್ತೇನೆ.”

“ಅದೇನ್ ಹೇಳೀರಿ ರೈಟ್ರೇ? ಮೊದ್ಲು ಆ ಉಂಗುರದ ಬೆರಳು ತೊಳ್ಕಳಿ, ಇನ್ನೂ ಕೆಂಪಗದೆ. ಊರ್ಗೆಲ್ಲಾ ಹಾಜರಿ ಹಾಕೋರಿಗೆ ತಮ್ ಬೆರಳೇ ಕಾಣಲ್ವಾ?”

ಅವಳೇ ಚೆಂಬಿನಿಂದ ನೀರು ಹೊಯ್ದಳು. ತೊಳೆದುಕೊಂಡೆ. ಕೈ ಒಣಗುವಷ್ಟರಲ್ಲಿ ನಿಜ ಹೇಳುವ ಧೈರ್ಯವೂ ಆರಿತು. ಸಂಜೆ ಅವಳು ಗಂಟು ಹೊತ್ತು ನೆಲ್ಯಹುದಿಕೇರಿಯ ದಾರಿ ಹಿಡಿದಳು. ಮತ್ತೆ ನಾನು ಅವಳನ್ನು ನೋಡಲಿಲ್ಲ.

ಮಾರನೆಯ ದಿನ ದೊರೆ ಬಟ್ಟೆ ಕೊಟ್ಟು ಬೊಟ್ಟು ಒರೆಸು ಎಂದ. ಆಗುವುದಿಲ್ಲ ಎಂದೆ. ಅವನು ನನ್ನ ಮುಖವನ್ನೇ ನೋಡಿದ, ಆಮೇಲೆ ತಾನೇ ಕುರ್ಚಿ ಹತ್ತಿದ. ಬಿರುಕುಬಿಟ್ಟ ಬಣ್ಣದೊಳಗೆ ಕೆಂಪು ಇಳಿದಿತ್ತು, ಹೋಗಲಿಲ್ಲ. ಆಗುವುದಿಲ್ಲ ಎಂದದ್ದಕ್ಕೆ ನನ್ನ ಕೆಲಸವೂ ಹೋಗಲಿಲ್ಲ. ಅವಳಿಗಾಗಿ ಹಿಂದಿನ ದಿನ ಆಡಬೇಕಿದ್ದ ಮಾತು ಅದು.