ಹುಣಸೆಮರದ ಕೆಳಗಿನ ಧೋತರ

ದೆವ್ವ, ಪೀಡೆ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ನಾಸಿಕದ ನನ್ನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಗೇಲಿ ಮಾಡುತ್ತಿದ್ದೆ. ಹೊಟ್ಟೆ ತುಂಬ ಉಂಡು ಮಲಗಿ, ಎಲ್ಲ ಸರಿಹೋಗುತ್ತದೆ ಎನ್ನುತ್ತಿದ್ದೆ. ಈಗ ಹಾಗೆನ್ನಲು ನಾಲಿಗೆ ಏಳುವುದಿಲ್ಲ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಹೋಟೆಲನ್ನು ಮಗನಿಗೆ ಒಪ್ಪಿಸಿದ ವರ್ಷ ಅದು. ಕುಂದಾಪುರದ ಕಡಲ ದಂಡೆಯಲ್ಲಿ ಓಡಾಡಿ ಬೆಳೆದ ಕಾಲು ನನ್ನದು. ಅರವತ್ತು ಹತ್ತಿರವಾದಾಗ ಮತ್ತೆ ಮರಳಿನ ಮೇಲೆ ನಡೆಯುವ ಹುಚ್ಚು ಹಿಡಿಯಿತು. ಕಡಲು ದೂರ, ಗೋದಾವರಿ ಮನೆಯ ಹತ್ತಿರ. ನದಿಯ ದಂಡೆ ಹಿಡಿದು ಪೈಠಣದವರೆಗೆ ನಡೆಯೋಣ ಎಂದು ಮೂವರು ಹೊರಟೆವು. ಒಬ್ಬ ನನ್ನ ದೊಡ್ಡಮ್ಮನ ಮಗ ಶೀನ, ನಮ್ಮ ಹೋಟೆಲಿನ ಅಡುಗೆಯವನು. ಇನ್ನೊಬ್ಬರು ನಮ್ಮ ಗಲ್ಲಿಯಲ್ಲೇ ಮನೆ ಮಾಡಿದ್ದ ಬೀದರ ಕಡೆಯ ಬಟ್ಟೆ ವ್ಯಾಪಾರಿ ಗುರುಲಿಂಗಪ್ಪ. ಹಿಂದಿನ ಚಳಿಗಾಲದಲ್ಲಿ ಅವರು ಎದೆನೋವೆಂದು ಆಸ್ಪತ್ರೆ ಸೇರಿದ್ದರು. ಹೊರಡುವಾಗ ಅವರ ಹೆಂಡತಿ, "ಇವರನ್ನ ನಿಮ್ಮ ಕೈಯಾಗ ಕೊಟ್ಟೀನ್ರಿ. ಹೆಂಗ ಒಯ್ತೀರಿ, ಹಂಗ ತಂದು ಒಪ್ಪಸ್ರಿ" ಎಂದಿದ್ದರು.

ಔರಂಗಾಬಾದ್ ಜಿಲ್ಲೆಗೆ ಕಾಲಿಟ್ಟ ಮೇಲೆ ಜನರ ಮುಖವೇ ಬೇರೆಯಾಯಿತು. ಪೈಠಣದಲ್ಲಿ ಅಣೆಕಟ್ಟು ಏಳುತ್ತಿತ್ತು. ದಂಡೆಯ ಊರುಗಳು ಮುಳುಗಲಿದ್ದವು. ಚೀಲ, ಕೋಲು ಹಿಡಿದ ನಮ್ಮನ್ನು ಅವರು ಅಳತೆಗೆ ಬಂದ ಸರ್ಕಾರದವರೆಂದೇ ತಿಳಿದರು. ಬಾಗಿಲು ಹಾಕಿಕೊಂಡರು, ನಾಯಿ ಛೂ ಬಿಟ್ಟರು. ಅವರ ಸಿಟ್ಟಿಗೆ ಕಾರಣವಿತ್ತು, ಒಪ್ಪುತ್ತೇನೆ. ಆದರೆ ಬಂದವರ ಮುಂದೆ ಮೊದಲು ನೀರಿಟ್ಟು ಬದುಕಿದವನು ನಾನು. ಒಂದು ಲೋಟ ನೀರಿಲ್ಲವೆಂದರೆ ಮೈ ಉರಿಯದೆ ಇರುತ್ತದೆಯೇ?

ಒಂದು ಮಟಮಟ ಮಧ್ಯಾಹ್ನ, ಅರ್ಧ ಖಾಲಿಯಾದ ಊರೊಂದರ ಬಾವಿಕಟ್ಟೆಯಲ್ಲಿ ಮುದುಕಿಯೊಬ್ಬಳು ನೀರು ಸೇದುತ್ತಿದ್ದಳು. ನಮ್ಮನ್ನು ಕಂಡದ್ದೇ ಕೊಡ ಹಿಂದಕ್ಕೆ ಸರಿಸಿ, ಗುರುಲಿಂಗಪ್ಪನವರತ್ತ ಕೈ ಚಾಚಿ ಕಿರುಚಿದಳು: "ಹ್ಯಾಲಾ ಪರತ್ ಕಾ ಆಣಲಂ?" ಇವನನ್ನು ಮತ್ತೆ ಯಾಕೆ ತಂದಿರಿ ಎಂದು. ಬೆಳಿಗ್ಗೆ ನೀವಿಬ್ಬರೇ ಬಂದು ಅತ್ತಿರಿ, ನೀರು ಕೊಟ್ಟೆ. ಸತ್ತವನನ್ನು ಹುಣಸೆಮರದಡಿ ಹೊದಿಸಿ ಮಲಗಿಸಿದಿರಿ. ಈಗ ಅವನನ್ನೇ ನಡೆಸಿಕೊಂಡು ನನ್ನ ಬಾವಿಗೆ ಬರುತ್ತೀರಾ? ಹೀಗೆ ಬೈಯುತ್ತ ಮಣ್ಣಿನ ಹೆಂಟೆ ಎತ್ತಿ ಬೀಸಿದಳು. ಅದು ನನ್ನ ಭುಜಕ್ಕೆ ಬಡಿಯಿತು.

"ಈ ಅಜ್ಜಿಗೆ ಮಂಡೆ ಸಮ ಇಲ್ಲ ಮಾರಾಯಾ, ಹೋಪ" ಎಂದ ಶೀನ.

ಊರು ದಾಟಿದರೆ ನದಿಯಂಚಿಗೆ ಒಂದೇ ಒಂದು ಹುಣಸೆಮರ. ಅದರ ಬುಡದಲ್ಲಿ ಒಂದು ಧೋತರ ಹಾಸಿತ್ತು, ನಾಲ್ಕು ಮೂಲೆಗೂ ಕಲ್ಲು ಹೇರಿತ್ತು. ಅಡಿಯಲ್ಲಿ ಏನೂ ಇರಲಿಲ್ಲ, ಕೋಲಿನಿಂದ ಎತ್ತಿ ನೋಡಿದೆ. ಅಂಚಿನಲ್ಲಿ ಕಪ್ಪು ಮಸಿಯ ಗುರುತಿತ್ತು. ನಾಸಿಕದ ನಮ್ಮ ಗಲ್ಲಿಯ ಧೋಬಿ ಒಂದೊಂದು ಮನೆಯ ಬಟ್ಟೆಗೆ ಒಂದೊಂದು ಗುರುತು ಹಾಕುತ್ತಾನೆ. ಇದು ಗುರುಲಿಂಗಪ್ಪನವರ ಮನೆಯದು. ಗುರುಲಿಂಗಪ್ಪ ಚೀಲ ಬಿಚ್ಚಿದರು. ಅವರು ತಂದ ಧೋತರ ಅಲ್ಲೇ ಮಡಿಸಿದ ಹಾಗೆಯೇ ಇತ್ತು, ಅದೇ ಗುರುತಿನದು.

ಪೈಠಣದ ಮಾತು ಅಲ್ಲಿಗೇ ಮುಗಿಯಿತು. ರಸ್ತೆಗೆ ಬಂದು, ಸಿಕ್ಕ ಬಸ್ಸು ಹತ್ತಿ ನಾಸಿಕಕ್ಕೆ ಮರಳಿದೆವು. ಅದೊಂದು ಹರಕು ಬಟ್ಟೆ, ಗುರುತು ಗಿರುತು ಎಂಥದೂ ಇರಲಿಲ್ಲ ಎಂದು ಶೀನ ಇವತ್ತಿಗೂ ವಾದಿಸುತ್ತಾನೆ. ಅವನು ಹೇಳುವುದೇ ನಿಜವಿರಬಹುದು. ಆದರೆ ಕಣ್ಣಾರೆ ಕಂಡದ್ದನ್ನು ನಾನು ಹೇಗೆ ಅಳಿಸಲಿ?

ಗುರುಲಿಂಗಪ್ಪನವರನ್ನು ಮನೆಗೆ ಮುಟ್ಟಿಸಿದಾಗ ಅವರ ಹೆಂಡತಿ ನನಗೆ ಕೈಮುಗಿದರು. ಆಮೇಲೆ ಗುರುಲಿಂಗಪ್ಪ ಗಟ್ಟಿಮುಟ್ಟಾಗಿಯೇ ಇದ್ದರು, ಎದೆನೋವು ಮರಳಿ ಬರಲೇ ಇಲ್ಲ. ಕೆಲವು ವರ್ಷಗಳ ನಂತರ ಅಣೆಕಟ್ಟು ತುಂಬಿ ಆ ದಂಡೆಯೆಲ್ಲ ಮುಳುಗಿತೆಂಬ ಸುದ್ದಿ ಬಂದ ದಿನ, ಹೋಟೆಲಿಗೆ ಬಂದು ಎಂದಿನ ಮೇಜಿಗೆ ಕೂತು ನಗುತ್ತಲೇ ಕೇಳಿದರು:

"ರಾಯರ, ಆ ಮುದುಕಿ ಅಂದದ್ದು ಖರೇ ಇದ್ದರ, ನೀವು ನಮ್ಮ ಮನೆಯಾಕಿಗೆ ತಂದು ಒಪ್ಪಿಸಿದವ ಯಾರ್ರಿ?"

ನನಗೆ ನಗು ಬರಲಿಲ್ಲ. ನೀರಿನ ಲೋಟವನ್ನು ಅವರ ಮುಂದೆ ಇಟ್ಟೆ, ಅವರ ಕೈ ನನ್ನ ಕೈಗೆ ತಾಗದ ಹಾಗೆ.