ಪಕ್ಕದ ಖಾಲಿ ಸೀಟು

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವಳು ನಾನೇ. ದೆವ್ವ, ಶಕುನ, ಕನಸು ಎಂದವರನ್ನೆಲ್ಲ ಗೇಲಿ ಮಾಡಿಕೊಂಡೇ ಬಂದಿದ್ದೇನೆ. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ಕೊಪ್ಪದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿಯಿದೆ. ಮೊಬೈಲಿನಲ್ಲಿ ಫೋಟೊ ತೆಗೆಯುವುದೆಂದರೆ ಹುಚ್ಚು. ಕೆಲವು ವರ್ಷಗಳ ಹಿಂದೆ ಟೂರಿನವರ ಜೊತೆ ವಿಯೆಟ್ನಾಂಗೆ ಹೊರಟೆ. ನರಸಿಂಹರಾಜಪುರದಲ್ಲಿರುವ ನನ್ನ ದೊಡ್ಡಮ್ಮನ ಮಗಳು ಗಿರಿಜಕ್ಕನಿಗೂ ಬರುವ ಆಸೆ. ನನ್ನ ಜೊತೆ ಒಮ್ಮೆ ವಿದೇಶ ನೋಡಬೇಕೆಂದು ಪಾಸ್‌ಪೋರ್ಟನ್ನೂ ಮಾಡಿಸಿ ಇಟ್ಟುಕೊಂಡಿದ್ದಳು. ಆದರೆ ಅವಳನ್ನು ಕರೆದುಕೊಂಡು ಶೃಂಗೇರಿಗೆ ಹೋಗಿಬರುವುದೇ ದೊಡ್ಡ ಸಾಹಸ! ಬಸ್ಸು ಹತ್ತಿದರೆ ವಾಂತಿ, ಇಳಿದರೆ ಪ್ರತಿ ಅಂಗಡಿಯಲ್ಲೂ ಚೌಕಾಸಿ, ಸಿಕ್ಕಸಿಕ್ಕವರ ಹತ್ತಿರ ಮಾತು. ನನಗೋ ನೆಮ್ಮದಿಯಾಗಿ ಫೋಟೊ ತೆಗೆಯಬೇಕಿತ್ತು. "ಸೀಟೆಲ್ಲ ಭರ್ತಿಯಂತೆ ಅಕ್ಕಾ" ಎಂದು ಫೋನಿನಲ್ಲಿ ಸುಳ್ಳು ಹೇಳಿದೆ.

"ಹೋಗ್ಲಿ ಬಿಡು ಮಾರಾಯ್ತಿ, ನೀ ನೋಡ್ಕಂಡು ಬಾ" ಎಂದಳು, ಪಾಪ.

ಪ್ರವಾಸದುದ್ದಕ್ಕೂ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು. ಕೊಂಡ ಬಟ್ಟೆಬರೆಯ ಚೀಲಗಳನ್ನು ಅದರ ಮೇಲೆ ಪೇರಿಸುತ್ತಿದ್ದೆ. ಪೇರಿಸುವಾಗಲೆಲ್ಲ ಅವಳ ನೆನಪಾಗಿ ಒಳಗೆ ಚುಚ್ಚುತ್ತಿತ್ತು.

ಒಂದು ಬೆಳಿಗ್ಗೆ ಒಬ್ಬಳೇ ಸಂತೆಗೆ ಹೋದೆ. ಹೆಲ್ಮೆಟ್ ತೆಗೆಯದೆಯೇ ಮೀನಿನ ಚೌಕಾಸಿ ಮಾಡುವ ಹೆಂಗಸರು, ಪುಟ್ಟ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುವ ಮುದುಕರು, ಎಲ್ಲರ ಫೋಟೊ ತೆಗೆದೆ. ಮೂಲೆಯಲ್ಲೊಬ್ಬ ಅಜ್ಜಿ ನಮ್ಮೂರಿನವರಂತೆಯೇ ಎಲೆಯಡಿಕೆ ಹಾಕುತ್ತಿದ್ದಳು. ನನಗೂ ಒಂದು ಎಲೆ ಮಡಚಿ ಕೊಡಲು ಬಂದಳು. ಬೇಡವೆಂದು ಕೈಯಾಡಿಸಿ ಮೊಬೈಲು ಎತ್ತಿದೆ. ಅಜ್ಜಿ ಅದೇ ಎಲೆಯನ್ನು ನನ್ನ ಪಕ್ಕಕ್ಕೆ ಚಾಚಿ ನಕ್ಕಳು. ಅಲ್ಲಿ ಯಾರೂ ಇರಲಿಲ್ಲ. ಅಜ್ಜಿಗೆ ಅರಳುಮರಳು ಎಂದುಕೊಂಡು ಅವಳ ಮುಖದ ಫೋಟೊವನ್ನಷ್ಟೇ ತೆಗೆದುಕೊಂಡು ಬಂದೆ.

ಊರಿಗೆ ಮರಳಿದ ಮೇಲೆ ರೇಷ್ಮೆಯ ಶಾಲೊಂದನ್ನು ಹಿಡಿದು ಗಿರಿಜಕ್ಕನ ಮನೆಗೆ ಹೋದೆ. ಬರಿಗೈಯಲ್ಲಿ ಯಾವ ಮುಖ ಹೊತ್ತು ಹೋಗಲಿ? ಅವಳು ಜಗಲಿಯಲ್ಲಿ ಕೂತು ಒಂದೊಂದೇ ಫೋಟೊ ನೋಡಿದಳು. ಅಜ್ಜಿಯ ಮುಖ ಬಂದಾಗ ಅವಳ ಬೆರಳು ನಿಂತಿತು.

"ಈ ಅಜ್ಜಿ ಸುಣ್ಣ ಜಾಸ್ತಿ ಹಚ್ಚಿತ್ತು. ನಾಲಿಗೆ ಸುಟ್ಟೇ ಹೋತು."

ಎಲೆಯಡಿಕೆಯ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. "ಎಂತ ಹೇಳ್ತಿದ್ದೀಯೇ ಅಕ್ಕಾ?" ಎಂದೆ. ಅವಳು ಉಳಿದ ಫೋಟೊಗಳನ್ನೂ ನೋಡಿ ಮುಗಿಸಿದಳು.

ಅದೇನು ಕನಸೋ, ಊಹೆಯೋ, ನನಗೆ ಇವತ್ತಿಗೂ ತಿಳಿದಿಲ್ಲ. ಬಿಡಿಸಿ ಕೇಳೋಣವೆಂದರೆ ಸೀಟಿನ ಸುಳ್ಳನ್ನು ಮೊದಲು ಒಪ್ಪಿಕೊಳ್ಳಬೇಕು. ಆ ಧೈರ್ಯ ಇನ್ನೂ ಬಂದಿಲ್ಲ. ಅವತ್ತು ಮೊಬೈಲು ವಾಪಸ್ಸು ಕೊಡುವಾಗ ಅವಳು ಮೊಣಕಾಲು ನೀವಿಕೊಳ್ಳುತ್ತ ಅಂದದ್ದು ಇಷ್ಟೇ. ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ.

"ಬಸ್ಸಲ್ಲಿ ಅಷ್ಟೂ ಚೀಲ ನನ್ನ ತೊಡೆ ಮೇಲೇ ಇಟ್ಟಿದ್ಯಲ್ಲೇ ಮಾರಾಯ್ತಿ, ಕಾಲು ಜೋಮು ಹಿಡ್ದಿತ್ತು."