ಮಷಿನ್‌ಗೆ ಹೊಯ್ದ ಕುಸುಬಿ ಎಣ್ಣೆ

ಕಣ್ಣಿನ ಪೊರೆ ತೆಗೆಸಿಕೊಳ್ಳಲು ಕಮಲಾಪುರದ ಮನೆಗೆ ಬೀಗ ಹಾಕಿ ಕಲಬುರಗಿಗೆ ಹೊರಟ ದಿನ, ತುಕ್ಕು ಹಿಡಿಯದಿರಲಿ ಅಂತ ನನ್ನ ಹೊಲಿಗೆ ಮಷಿನ್‌ಗೆ ಕುಸುಬಿ ಎಣ್ಣೆ ಹೊಯ್ದೆ. ತೂತು ಕಂಡಲ್ಲೆಲ್ಲ ಹೊಯ್ದೆ. ನಮ್ಮ ಮನೆಯಲ್ಲಿ ಕುಡಗೋಲು, ಕೊಡಲಿ, ರೊಟ್ಟಿ ಹಂಚು, ಎಲ್ಲಕ್ಕೂ ಅದೊಂದೇ ಎಣ್ಣೆ. ಮನುಷ್ಯರಿಗೆ ಒಳ್ಳೆಯದಾದದ್ದು ಕಬ್ಬಿಣಕ್ಕೆ ಕೆಟ್ಟದ್ದು ಹೇಗಾದೀತು ಅಂದುಕೊಂಡಿದ್ದೆ.

ಎರಡೂ ಕಣ್ಣಿನ ಆಪರೇಷನ್ ಮುಗಿಯುವಷ್ಟರಲ್ಲಿ ವರ್ಷ ಕಳೆಯಿತು. ಕಲಬುರಗಿಯ ಕೋಟನೂರಿನಲ್ಲಿ ಮಗಳ ಮನೆಯಲ್ಲೇ ಉಳಿದೆ. ಊರಿನಿಂದ ಮಷಿನ್ ಟೆಂಪೋದಲ್ಲಿ ತರಿಸಿದೆ. ಗಾಲಿ ತಿರುಗಿಸಲು ಹೋದರೆ ಅಲುಗಲಿಲ್ಲ. ಎರಡೂ ಕೈ ಹಾಕಿದೆ. ಕಲ್ಲು. ಬಗ್ಗಿ ನೋಡಿದರೆ ಒಳಗೆ ಎಣ್ಣೆಯೇ ಇಲ್ಲ, ಬೆಲ್ಲದ ಪಾಕ ಒಣಗಿದ ಹಾಗೆ ಹಳದಿ ಅಂಟು.

“ಸಾಕ್ ಬಿಡವ್ವ,” ಅಂದಳು ಮಗಳು. “ಐತ್ವಾರ ಗುಜರಿಯವ ಬರ್ತಾನ, ಕೊಟ್ಟು ಕಳಸ್ತೀನಿ. ಮನ್ಯಾಗ ಕಾಲಿಡಾಕ ಜಾಗಿಲ್ಲ.”

“ಮೊದಲ ನಿನ್ನ ಸೋಫಾ ಕಳಸು.”

“ಸೋಫಾದ ಮ್ಯಾಲ ಕೂಡಾಕರ ಬರ್ತದ.”

ಮಗಳು ಕೆಟ್ಟವಳಲ್ಲ. ಆದರೆ ಆ ಮನೆಯಲ್ಲಿ ನನಗೆ ಕೆಲಸವಿರಲಿಲ್ಲ. ರೊಟ್ಟಿ ಬಡಿಯಲು ಸಹ ಬೇರೆ ಹೆಣ್ಣುಮಗಳು ಬರುತ್ತಿದ್ದಳು. ಹೊಲಿಗೆಯೂ ಹೋದರೆ ನಾನು ಉಣ್ಣುವ ಬಾಯಿ, ಅಷ್ಟೇ. ಹಾಗೆ ಇರುವ ಮನಸ್ಸು ನನಗಿರಲಿಲ್ಲ.

ಗುರುವಾರ ಮಷಿನ್‌ನ ತಲೆ ಬಿಚ್ಚಿಸಿ ಆಟೋದಲ್ಲಿಟ್ಟುಕೊಂಡು ಬಜಾರಕ್ಕೆ ಹೋದೆ. ಹೊಲಿಗೆ ಮಷಿನ್ ರಿಪೇರಿಯ ಮಿಸ್ತ್ರಿ ನನ್ನಷ್ಟೇ ಮುದುಕ. ಮೂಗು ಹತ್ತಿರ ತಂದು ಮೂಸಿದ.

“ಏನ್ ಹಾಕೀರಿ ಅಮ್ಮಾ?”

“ಕುಸುಬಿ ಎಣ್ಣಿ.”

“ಯಾ ಅಲ್ಲಾ! ಮಷಿನ್ ಎಣ್ಣಿಗಾಯಿ ಮಾಡೀರಲ್ರೀ. ಒಂದೀಟು ಶೇಂಗಾ ಪುಡಿ ಯಾಕ್ ಬಿಟ್ರಿ?”

“ನಗೋದು ಆಮ್ಯಾಲ. ನಡೀತದೋ ಇಲ್ಲೋ ಹೇಳು.”

“ಕುಸುಬಿ ಗಾಳಿಗೆ ಒಣಗಿ ಅಂಟಾಗ್ತದ. ಈಗ ಬಿಚ್ಚಾಕ ಹೋದ್ರ ಒಳಗಿನ ಹಲ್ಲು ಮುರೀತಾವ. ಈ ಮಷಿನ್ ಎಣ್ಣಿ ಒಯ್ರಿ. ತೂತಿಗೆ ಒಂದೊಂದ್ ಹನಿ, ಮುಂಜಾನಿ ಒಮ್ಮಿ, ಸಂಜಿಗೆ ಒಮ್ಮಿ. ಜಬರ್ದಸ್ತಿ ಮಾಡಬ್ಯಾಡ್ರಿ. ಅದರ ದಾರಿ ಅದಕ್ಕ ಗೊತ್ತದ.”

ಬೆರಳುದ್ದದ ಶೀಸೆ, ಸೂಜಿಯಂಥ ಮೂತಿ. ಮೇಲೆ ಫ್ಯಾನು, ಬೀಗ, ಸೈಕಲ್ಲು, ಕತ್ತರಿಗಳ ಚಿತ್ರ. ಒಳಗಿನದು ನೀರಿನಷ್ಟು ತೆಳ್ಳಗೆ. ಇದಕ್ಕೆ ಎಣ್ಣೆ ಅನ್ನುವ ಹೆಸರೇ ಹೆಚ್ಚು, ಮುದುಕ ನನಗೆ ಟೋಪಿ ಹಾಕಿದ ಅನ್ನಿಸಿತು. ಮನೆಗೆ ಬಂದು ಹನಿ ಹಾಕಿದೆ. ಶುಕ್ರವಾರವಿಡೀ ಗಾಲಿ ಅಲುಗಲಿಲ್ಲ. ಸಿಟ್ಟಿಗೆ ಅದೇ ಎಣ್ಣೆಯ ಒಂದು ಹನಿ ಗೇಟಿನ ಬೀಗಕ್ಕೆ ಬಿಟ್ಟೆ. ಮಗಳು ದಿನಾ ಬೈದುಕೊಂಡು ಗುದ್ದಾಡುತ್ತಿದ್ದ ಬೀಗ ಅದು. ಕೀಲಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಮುದುಕನನ್ನು ಮನಸ್ಸಿನಲ್ಲೇ ಬೈದದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು.

ಶನಿವಾರ ಮುಂಜಾನೆ ಮಷಿನ್‌ನ ಅಡಿಗೆ ಹಾಸಿದ್ದ ಅರಿವೆಯ ಮೇಲೆ ಹಳದಿ ಹನಿಗಳು ಬಿದ್ದಿದ್ದವು. ನಾನು ಎಣ್ಣೆ ಬಿಟ್ಟದ್ದು ಮೇಲಿನ ತೂತಿಗೆ. ಅಂಟು ಇಳಿದು ಬಂದದ್ದು ಕೆಳಗೆ, ಒಂದು ಗೇಣು ದೂರದಲ್ಲಿ. ಕೂದಲು ಹೋಗದ ಸಂದಿನಲ್ಲಿ ಆ ಎಣ್ಣೆ ಹೋಗಿತ್ತು. ಯಾರೂ ದೂಡಿರಲಿಲ್ಲ. ವರ್ಷಗಟ್ಟಲೆ ಹೊಲಿದವಳು ನಾನು, ಆ ಕಬ್ಬಿಣದ ಹೊಟ್ಟೆಯಲ್ಲಿ ಅಷ್ಟು ದಾರಿಗಳಿವೆ ಅಂತ ನನಗೇ ಗೊತ್ತಿರಲಿಲ್ಲ. ಹಲ್ಲುಜ್ಜುವುದನ್ನೂ ಮರೆತು ಅಲ್ಲೇ ಕುಳಿತೆ. ಸಂಜೆ ಗಾಲಿ ಜೋಳದ ಕಾಳಿನಷ್ಟು ಅಲುಗಿತು. ಯಾರಿಗೂ ಹೇಳಲಿಲ್ಲ.

ಭಾನುವಾರ, ಮಗಳು ಹೇಳಿದ್ದ ಹಾಗೆ, ಗುಜರಿಯವನ ಕೂಗು ಓಣಿಯ ತುದಿಯಲ್ಲಿ ಕೇಳಿತು. ಮಗಳು ಸೀರೆ ಸೆರಗು ಸಿಕ್ಕಿಸಿಕೊಂಡು ಬಂದು ಮಷಿನ್‌ನ ಒಂದು ಬದಿ ಹಿಡಿದಳು.

“ನಿಂದರು,” ಅಂದೆ. ಬೆರಳೊಂದನ್ನೇ ಗಾಲಿಗೆ ಹಚ್ಚಿದೆ. ಅದು ತಿರುಗಿತು. ಸೂಜಿ ಕೆಳಗಿಳಿಯಿತು, ಮೇಲೆ ಬಂತು. ಬೆರಳು ತೆಗೆದರೂ ಗಾಲಿ ಇನ್ನೊಂದು ಅರ್ಧ ಸುತ್ತು ತಾನೇ ಹೋಯಿತು.

ಮಗಳು ಹಿಡಿದ ಬದಿ ಬಿಟ್ಟು ಬಗ್ಗಿ ನೋಡಿದಳು. ಆಮೇಲೆ ಅಂದಳು: “ಇನ್ನೊಮ್ಮಿ ತಿರುಗಸವ್ವ.”

ತಿರುಗಿಸಿದೆ. ಅವಳು ಬಾಗಿಲಿಗೆ ಹೋಗಿ ಏನೂ ಇಲ್ಲವೆಂದು ಗುಜರಿಯವನನ್ನು ಕಳಿಸಿದಳು. ಬರುವಾಗ ಹೊಸ ಕುಪ್ಪಸದ ಬಟ್ಟೆ ಹಿಡಿದುಕೊಂಡು ಬಂದಳು.

“ಅದನ್ನ ಒಳಗಿಡು. ಎಣ್ಣಿ ಹತ್ತೀತು. ಮೊದಲ ಚಿಂದಿ ತಾ.”

ಇಬ್ಬರೂ ಸೇರಿ ಮಷಿನ್‌ನ ತಲೆಯನ್ನು ಸ್ಟ್ಯಾಂಡಿಗೆ ಕೂಡಿಸಿ ಪಟ್ಟಾ ಹಾಕಿದೆವು. ಮೊದಲ ಚಿಂದಿಯ ಹೊಲಿಗೆಯುದ್ದಕ್ಕೂ ಹಳದಿ ಕಲೆ ಹತ್ತಿತು. ಎರಡನೆಯದರಲ್ಲಿ ಕಡಿಮೆ. ನಾಲ್ಕನೆಯದು ಬೆಳ್ಳಗೇ ಹೊರಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿ, ಮಗಳ ಅಳತೆ ತೆಗೆದುಕೊಂಡೆ.